ರ‍್ಯಾಪ್ ಹಾಡುಗಾರ ಕುಣಿತದ ಸಿಂಗಲ್ ಬಿಟ್ಟರೆ ಮಾತಿಗೆ ಮೋಸವೇ?

ಪ್ರಶ್ನೆ: ನಾನು ಮಲ್ಪೆಯ ಹತ್ತಿರದವನು. ಕೆಲವು ವರ್ಷಗಳಿಂದ ಕನ್ನಡ ಮತ್ತು ತುಳುವಿನಲ್ಲಿ ರ‍್ಯಾಪ್ ಬರೆದು ಹಾಡುತ್ತಿದ್ದೇನೆ. ಬಂದರಿನ ದುಡಿಮೆ, ಕೆಲಸ ಹುಡುಕಿ ಊರು ಬಿಡುವವರ ಕಥೆ, ಇಂಥ ವಿಷಯಗಳ ಮೇಲೆ ಮಾತು ತುಂಬಿದ ಹಾಡುಗಳೇ ನನ್ನವು. ಈಗ ಮೊದಲ ಬಾರಿಗೆ ಕುಣಿಯುವುದಕ್ಕೆಂದೇ ಎರಡೂವರೆ ನಿಮಿಷದ ಸಿಂಗಲ್ ಒಂದನ್ನು ಮಾಡಿದ್ದೇನೆ. ಅಮೆರಿಕದ ಕುಣಿತದ ಸಂಗೀತವಾದ ಜೆರ್ಸಿ ಕ್ಲಬ್ಬಿನ ಬೀಟ್, ಅದರ ಮೇಲೆ ಹುಲಿವೇಷದ ತಾಸೆ ವಾದ್ಯ, ಆರಂಭದಲ್ಲಿ ದೈವದ ಕೋಲವೊಂದರಲ್ಲಿ ಮೊಬೈಲಿನಲ್ಲಿ ಹಿಡಿದುಕೊಂಡ ಪಾಡ್ದನದ (ತುಳು ಕಥನಗೀತೆಯ) ಎರಡು ಸಾಲು ಇವೆ. ಕೇಳಿದ ಗೆಳೆಯರಲ್ಲಿ ಅರ್ಧ ಜನ ‘ನೀನೂ ಮಾತು ಬಿಟ್ಟೆ’ ಎನ್ನುತ್ತಿದ್ದಾರೆ. ಕೃಷ್ಣಾಷ್ಟಮಿಯ ಮರುದಿನದ ಹಬ್ಬವಾದ ವಿಟ್ಲಪಿಂಡಿಯ ದಿನವೇ ಬಿಡುಗಡೆ ಮಾಡಬೇಕೆಂದಿದ್ದೇನೆ. ಇದು ಸರಿಯೇ? ಜನ ಹೇಗೆ ಸ್ವೀಕರಿಸಿದರೆಂದು ತಿಳಿಯುವುದು ಹೇಗೆ? ಮಾತು ಹೆಚ್ಚಿರುವ ಇನ್ನೊಂದು ಆವೃತ್ತಿಯನ್ನೂ ಬಿಡಬೇಕೇ?

ಉತ್ತರ: ನೀವು ಕಳುಹಿಸಿದ ಹಾಡನ್ನು ಹಲವು ಸಲ ಕೇಳಿ, ಫೋನಿನಲ್ಲಿಯೂ ದೊಡ್ಡ ಸ್ಪೀಕರಿನಲ್ಲಿಯೂ ಹಾಕಿ ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಮೊದಲಿಗೇ ನನ್ನ ಅಭಿಪ್ರಾಯವನ್ನು ಹೇಳಿಬಿಡುತ್ತೇನೆ. ನಿಮ್ಮ ಗೆಳೆಯರ ದೂರಿನಲ್ಲಿ ಹುರುಳಿಲ್ಲ, ಏಕೆಂದರೆ ಈ ಹಾಡಿನಲ್ಲಿ ಮಾತು ಕಡಿಮೆಯಾಗಿಲ್ಲ, ಇನ್ನೂ ಹೆಚ್ಚಾಗಿಯೇ ಇದೆ. ಹಳೆಯ ಹಾಡುಗಳಲ್ಲಿ ಹೇಗೆ ಸಾಲುಗಳನ್ನು ಒತ್ತೊತ್ತಾಗಿ ತುಂಬುತ್ತಿದ್ದಿರೋ ಅದೇ ರೀತಿಯಲ್ಲಿ ಇಲ್ಲಿಯೂ ತುಂಬಿದ್ದೀರಿ. ಅದರಿಂದಾಗಿ ಕೇಳುವವನಿಗೆ ಮಾತು ಸ್ಪಷ್ಟವಾಗಿ ದಕ್ಕುವುದಿಲ್ಲ, ಕುಣಿಯುವವನಿಗೆ ಹೆಜ್ಜೆ ಇಡಲು ಎಡೆಯೂ ಸಿಗುವುದಿಲ್ಲ. ಕುಣಿತದ ಹಾಡು ಬರೆಯುವುದೆಂದರೆ ಮಾತನ್ನು ಬಿಟ್ಟುಕೊಡುವುದಲ್ಲ, ಪ್ರತಿಯೊಂದು ಅಕ್ಷರವನ್ನೂ ಪೆಟ್ಟಿನ ಮೇಲೆ ತಂದು ಕೂರಿಸುವುದು. ಅದು ನೀವು ಇದುವರೆಗೆ ಮಾಡಿದ ಕೆಲಸಕ್ಕಿಂತ ಸುಲಭದ್ದೇನೂ ಅಲ್ಲ.

‘ಮಾತು ಬಿಟ್ಟೆ’ ಎನ್ನುವವರು ಈ ಕಲೆಯ ಇತಿಹಾಸವನ್ನು ತಲೆಕೆಳಗಾಗಿ ಹಿಡಿದಿದ್ದಾರೆ. ಹಿಪ್-ಹಾಪ್ ಹುಟ್ಟಿದ್ದೇ ಕುಣಿಯುವವರಿಗಾಗಿ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್ ಪ್ರದೇಶದ ಸೆಡ್ಜ್‌ವಿಕ್ ಅವೆನ್ಯೂದ ವಸತಿ ಕಟ್ಟಡವೊಂದರಲ್ಲಿ ಡಿಜೆ ಕೂಲ್ ಹರ್ಕ್ ತನ್ನ ತಂಗಿ ಏರ್ಪಡಿಸಿದ್ದ ಪಾರ್ಟಿಗೆ ಹಾಡು ಹಾಕಿದ ದಿನವನ್ನು ಇದರ ಹುಟ್ಟುಹಬ್ಬವೆಂದು ಇಂದಿಗೂ ಆಚರಿಸುತ್ತಾರೆ. ಹಾಡಿನ ನಡುವೆ ಗಾಯನ ನಿಂತು ಬರಿಯ ಡ್ರಮ್ ಉಳಿಯುವ ತುಣುಕಿಗೆ ಜನ ಹೆಚ್ಚು ಹುರುಪಿನಿಂದ ಕುಣಿಯುವುದನ್ನು ಗಮನಿಸಿ, ಒಂದೇ ತಟ್ಟೆಯ ಎರಡು ಪ್ರತಿಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಆ ತುಣುಕನ್ನೇ ಉದ್ದಕ್ಕೆ ಎಳೆದದ್ದು ಅವನ ಸಾಧನೆ. ಮೈಕ್ ಹಿಡಿದು ಸಾಲು ಜೋಡಿಸುವುದು ಬೆಳೆದು ಬಂದದ್ದು ಅದರ ಮೇಲೆಯೇ. 1982ರಲ್ಲಿ ‘ಪ್ಲಾನೆಟ್ ರಾಕ್’ ಎಂಬ ಹಾಡು ರೋಲ್ಯಾಂಡ್ 808 ಡ್ರಮ್ ಯಂತ್ರದ ಪೆಟ್ಟನ್ನೂ ಜರ್ಮನಿಯ ಕ್ರಾಫ್ಟ್‌ವರ್ಕ್ ತಂಡದ ಸ್ವರವನ್ನೂ ರ‍್ಯಾಪಿಗೆ ಬೆಸೆಯಿತು. 1988ರಲ್ಲಿ ಜಂಗಲ್ ಬ್ರದರ್ಸ್ ತಂಡದವರು ಹೌಸ್ ಎಂಬ ಕ್ಲಬ್ ಕುಣಿತದ ಸಂಗೀತದ ಮೇಲೆ ರ‍್ಯಾಪ್ ಹಾಡಿದರು. ಹೀಗಿರುವಾಗ ಕುಣಿತಕ್ಕೆ ತಿರುಗಿದ ರ‍್ಯಾಪರನನ್ನು ದಾರಿ ತಪ್ಪಿದವನೆಂದು ಕರೆಯುವುದು ನ್ಯಾಯವಲ್ಲ.

ನಿಮ್ಮ ಹಾಡಿಗೆ ಹತ್ತಿರದ ಉದಾಹರಣೆಯೊಂದಿದೆ, ಅದನ್ನು ಸ್ವಲ್ಪ ವಿವರವಾಗಿ ನೋಡುವುದು ಒಳ್ಳೆಯದು. ಫಿಲಡೆಲ್ಫಿಯಾದ ರ‍್ಯಾಪರ್ ಲಿಲ್ ಉಜಿ ವರ್ಟ್ 2022ರ ಅಕ್ಟೋಬರಿನಲ್ಲಿ ‘ಜಸ್ಟ್ ವಾನ್ನ ರಾಕ್’ ಎಂಬ ಸಿಂಗಲ್ಲನ್ನು ಬಿಡುಗಡೆ ಮಾಡಿದರು. ಎರಡು ನಿಮಿಷಕ್ಕಿಂತ ಸ್ವಲ್ಪವಷ್ಟೇ ಹೆಚ್ಚು ಉದ್ದದ ಹಾಡು. ನ್ಯೂಜೆರ್ಸಿಯ ನೆವಾರ್ಕ್ ನಗರದಲ್ಲಿ ಬೆಳೆದ ಜೆರ್ಸಿ ಕ್ಲಬ್ ಬೀಟಿನ ಮೇಲೆ ಬೆರಳೆಣಿಕೆಯ ಪದಗಳು, ಉಳಿದದ್ದೆಲ್ಲ ಉದ್ಗಾರ. ಪೂರ್ತಿ ಹಾಡು ಹೊರಬರುವ ಮೊದಲೇ ಅದರ ತುಣುಕು ಟಿಕ್‌ಟಾಕಿನಲ್ಲಿ ಹರಡಿತ್ತು, ಹುಡುಗ ಹುಡುಗಿಯರು ಅದಕ್ಕೊಂದು ಕುಣಿತವನ್ನೂ ಕಟ್ಟಿಕೊಂಡಿದ್ದರು. ಬಿಡುಗಡೆಯಾದ ಮೇಲೆ ಹಾಡು ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯ 10ನೇ ಸ್ಥಾನದವರೆಗೂ ಏರಿತು, ಫಿಲಡೆಲ್ಫಿಯಾದ ಆಟದ ಮೈದಾನಗಳಲ್ಲಿ ಊರ ಹಾಡಿನಂತೆ ಮೊಳಗಿತು. ನನಗೆ ಬಹಳ ಮುಖ್ಯವೆನಿಸುವ ಸಂಗತಿ ಆಮೇಲಿನದು. 2024ರ ಗ್ರ್ಯಾಮಿಯಲ್ಲಿ ಈ ಹಾಡು ಅತ್ಯುತ್ತಮ ರ‍್ಯಾಪ್ ಗೀತೆ ವಿಭಾಗಕ್ಕೆ ನಾಮನಿರ್ದೇಶನಗೊಂಡಿತು. ಆ ವಿಭಾಗದ ಪ್ರಶಸ್ತಿ ಸಲ್ಲುವುದು ಹಾಡನ್ನು ರಚಿಸಿದವರಿಗೆ. ಪದಗಳೇ ಇಲ್ಲವೆನ್ನಬಹುದಾದ ಹಾಡನ್ನು ರಚನೆಯ ದೃಷ್ಟಿಯಿಂದ ತೂಗಲು ವೃತ್ತಿಪರರು ಮುಂದಾದರೆಂದರೆ, ಪೆಟ್ಟು ಮತ್ತು ಪದಗಳ ಜೋಡಣೆಯನ್ನೇ ಅವರು ಬರವಣಿಗೆಯೆಂದು ಒಪ್ಪಿದರೆಂದು ತಾನೇ ಅರ್ಥ?

ಅದೇ ವರ್ಷ ಇದಕ್ಕೆ ವಿರುದ್ಧವಾದ ಪ್ರಸಂಗವೂ ನಡೆಯಿತು. 2022ರ ಜೂನ್ 17ರಂದು ಕೆನಡಾದ ರ‍್ಯಾಪರ್ ಡ್ರೇಕ್ ‘ಆನೆಸ್ಟ್ಲಿ, ನೆವರ್‌ಮೈಂಡ್’ ಎಂಬ ಆಲ್ಬಮ್ಮನ್ನು ಕೆಲವೇ ಗಂಟೆಗಳ ಮುನ್ಸೂಚನೆ ಕೊಟ್ಟು ಹೊರತಂದರು. ಹೆಚ್ಚು ಕಡಿಮೆ ಇಡೀ ಆಲ್ಬಮ್ ಹೌಸ್ ಮತ್ತು ಕ್ಲಬ್ ಸಂಗೀತದ್ದು, ದಕ್ಷಿಣ ಆಫ್ರಿಕದ ಡಿಜೆ ಬ್ಲ್ಯಾಕ್ ಕಾಫಿಯ ಕೈಯೂ ಅದರಲ್ಲಿತ್ತು. ಆಲ್ಬಮ್ ಪಟ್ಟಿಯಲ್ಲಿ ಅದು ಮೊದಲ ಸ್ಥಾನಕ್ಕೇ ಬಂತು, ಆದರೆ ಅಭಿಮಾನಿಗಳು ಎರಡು ಪಾಲಾದರು. ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ನೇರವಾಗಿ ಏರಿದ್ದು ಆಲ್ಬಮ್ಮಿನ ಕೊನೆಯಲ್ಲಿದ್ದ ‘ಜಿಮ್ಮಿ ಕುಕ್ಸ್’. ಅದು ಡ್ರೇಕ್ ಮತ್ತು 21 ಸ್ಯಾವೇಜ್ ಹಾಡಿದ, ಹಳೆಯ ಬಗೆಯ ರ‍್ಯಾಪ್. ಎರಡೂ ಪ್ರಸಂಗಗಳ ಸಂಗೀತ ಒಂದೇ ನೆಲದ್ದು. ವ್ಯತ್ಯಾಸವಿರುವುದು ಕೇಳುಗನನ್ನು ಸಿದ್ಧಪಡಿಸಿದ ರೀತಿಯಲ್ಲಿ. ಮೊದಲನೆಯದರಲ್ಲಿ ಕುಣಿತ ಮುಂಚೆ ಬಂತು, ಹಾಡು ಆಮೇಲೆ. ಎರಡನೆಯದರಲ್ಲಿ ರ‍್ಯಾಪನ್ನು ನಿರೀಕ್ಷಿಸಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕುಳಿತವರ ಮುಂದೆ ಕುಣಿತದ ಸಂಗೀತವನ್ನು ತಂದಿಟ್ಟಂತಾಯಿತು. ನಿಮ್ಮ ಬಿಡುಗಡೆಯ ಯೋಜನೆಗೆ ನಾನು ಮುಂದೆ ಕೊಡುವ ಸಲಹೆಗಳೆಲ್ಲ ಈ ವ್ಯತ್ಯಾಸದಿಂದಲೇ ಹೊರಟವು.

ಊರಿನ ಮಾತಿನಲ್ಲಿಯೇ ಹೇಳುವುದಾದರೆ, ನಿಮ್ಮ ಹಿಂದಿನ ಹಾಡುಗಳು ತಾಳಮದ್ದಳೆಯಂಥವು. ಈ ಹಾಡು ರಂಗಸ್ಥಳದ ಯಕ್ಷಗಾನ ಆಟ. ತಾಳಮದ್ದಳೆಯಲ್ಲಿ ಅರ್ಥಧಾರಿ ಕುಳಿತಲ್ಲಿಂದಲೇ ಮಾತಿನಿಂದ ಮಾತಿಗೆ ಗಂಟೆಗಟ್ಟಲೆ ಬೆಳೆಸಬಹುದು. ಆಟದಲ್ಲಿ ಭಾಗವತರು ಪದ್ಯದ ಸಾಲನ್ನು ಎತ್ತಿ ಬಿಟ್ಟಾಗ ಚೆಂಡೆ ಮದ್ದಳೆಗಳು ಅದನ್ನು ವಹಿಸಿಕೊಳ್ಳುತ್ತವೆ, ವೇಷ ಕುಣಿಯುತ್ತದೆ, ಆ ಹೊತ್ತಿನಲ್ಲಿ ಮಾತಾಡಲು ಹೋಗುವ ಕಲಾವಿದನಿಲ್ಲ. ಅದಕ್ಕಾಗಿ ಆಟದಲ್ಲಿ ಮಾತಿಗೆ ಬೆಲೆಯಿಲ್ಲವೆಂದು ಕರಾವಳಿಯಲ್ಲಿ ಯಾರೂ ಹೇಳಿದ್ದಿಲ್ಲ.

ಈಗ ಸಾಲುಗಳಿಗೆ ಬರೋಣ. ಜೆರ್ಸಿ ಕ್ಲಬ್ಬಿನ ವೇಗ ಸಾಮಾನ್ಯವಾಗಿ ನಿಮಿಷಕ್ಕೆ 130ರಿಂದ 140 ಬೀಟು; ನೀವು ಇಟ್ಟಿರುವುದು 140. ಅಂದರೆ ನಾಲ್ಕು ಬೀಟಿನ ಒಂದು ಆವರ್ತ ಸುಮಾರು 1.7 ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಆ ಆವರ್ತವನ್ನು 16 ಸಣ್ಣ ಭಾಗಗಳಾಗಿ ಮಾಡಿಕೊಂಡರೆ, ಈ ಬೀಟಿನ ಗುರುತಾದ ಐದು ಕಿಕ್ (ದೊಡ್ಡ ಡ್ರಮ್ಮಿನ) ಪೆಟ್ಟುಗಳು 1, 5, 9, 12, 15ನೇ ಭಾಗಗಳ ಮೇಲೆ ಬೀಳುತ್ತವೆ. ಪೆಟ್ಟಿನಿಂದ ಪೆಟ್ಟಿಗೆ ಇರುವ ಅಂತರವನ್ನು ಬರೆದುಕೊಳ್ಳಿ: ನಾಲ್ಕು, ನಾಲ್ಕು, ಮೂರು, ಮೂರು, ಎರಡು. ಕನ್ನಡ ಛಂದಸ್ಸನ್ನು ಶಾಲೆಯಲ್ಲಿ ಕಲಿತ ಯಾರಿಗಾದರೂ ಇವು ಮಾತ್ರಾಗಣಗಳೆಂದು ಕೂಡಲೇ ಹೊಳೆಯಬೇಕು. ನಾಲ್ಕು ಮಾತ್ರೆಯ ಗಣದಲ್ಲಿ ಕಂದಪದ್ಯ ನಡೆಯುತ್ತದೆ, ಮೂರು ಮಾತ್ರೆಯ ಗಣದಲ್ಲಿ ಉತ್ಸಾಹ ರಗಳೆ ಓಡುತ್ತದೆ, ಮೂರು ನಾಲ್ಕನ್ನು ಬೆಸೆದು ಭಾಮಿನಿ ಷಟ್ಪದಿ ಸಾಗುತ್ತದೆ. ನೆವಾರ್ಕಿನ ಬೀಟಿಗೆ ಹೊಂದುವ ಅಳತೆ ನಮ್ಮ ಭಾಷೆಯ ಒಳಗೆ ಮೊದಲೇ ಇದೆ.

ಉದಾಹರಣೆಗಾಗಿ ನಾನೇ ಒಂದು ಸಾಲು ಕಟ್ಟಿದ್ದೇನೆ: ‘ಊರಿಗೆ ಬಂದರೆ ತಾಸೆ ಕೇಳು ಬಾ’. ‘ಊರಿಗೆ’ ನಾಲ್ಕು ಮಾತ್ರೆ, ‘ಬಂದರೆ’ ನಾಲ್ಕು, ‘ತಾಸೆ’ ಮೂರು, ‘ಕೇಳು’ ಮೂರು, ‘ಬಾ’ ಎರಡು. ಕಿಕ್ಕಿನ ಐದು ಪೆಟ್ಟೂ ಐದು ಪದಗಳ ಮೊದಲ ಅಕ್ಷರದ ಮೇಲೆಯೇ ಬೀಳುತ್ತವೆ, ಆ ಐದು ಅಕ್ಷರಗಳೂ ಗುರುಗಳೇ. ಮೊಬೈಲಿನಲ್ಲಿ ಬರಿಯ ಕಿಕ್ ಹಾಕಿಕೊಂಡು ಇದನ್ನು ಬಾಯಿಬಿಟ್ಟು ಹೇಳಿ ನೋಡಿ. ಸಾಲಿನ ಕೊನೆಗೆ ಬರುವಾಗ ಕಾಲು ತಾನಾಗಿ ಚುರುಕಾಗುವುದು ಅನುಭವಕ್ಕೆ ಬರುತ್ತದೆ. ಈ ಸಾಲನ್ನೇ ಬಳಸಿ ಎಂದು ನಾನು ಹೇಳುತ್ತಿಲ್ಲ, ನೀವು ನನಗಿಂತ ಚೆನ್ನಾಗಿ ಬರೆಯಬಲ್ಲಿರಿ. ಆದರೆ ನಿಮ್ಮ ಪಲ್ಲವಿಯ ಎಂಟು ಸಾಲುಗಳಲ್ಲಿ ಆರು ಸಾಲುಗಳು ಪೆಟ್ಟಿನ ಆಚೀಚೆ ಬೀಳುತ್ತಿವೆ. ಸರಿಯಾಗಿ ಕೂರುವ ಉಳಿದ ಎರಡನ್ನು ಮಾತ್ರ ಇಟ್ಟುಕೊಂಡು ನಾಲ್ಕು ಸಲ ಹಾಡಿ. ಪಲ್ಲವಿಯ ಎರಡನೆಯ ಸುತ್ತಿನಲ್ಲಿ ಕೊನೆಯ ಪದವನ್ನು ನೀವು ಹಾಡದೆ ಬಿಟ್ಟರೆ ಕುಣಿಯುವವರೇ ಕೂಗಿ ತುಂಬುತ್ತಾರೆ. ತೆಗೆದ ಆರು ಸಾಲುಗಳಲ್ಲಿ ಬಂದರಿನ ಮುಂಜಾವಿನ ಕುರಿತ ಎರಡು ಬಹಳ ಚೆನ್ನಾಗಿವೆ. ಅವು ನಡುವಿನ ಚರಣಕ್ಕೆ ಹೋಗಲಿ. ಅಲ್ಲಿ ಕಿಕ್ಕನ್ನು ಎಂಟು ಆವರ್ತಗಳಷ್ಟು ಹೊತ್ತು ತೆಗೆದುಬಿಟ್ಟು ತಾಸೆಯನ್ನೊಂದೇ ಇಟ್ಟರೆ, ಮಾತು ಸ್ಪಷ್ಟವಾಗಿ ಕೇಳುತ್ತದೆ, ಕಿಕ್ ಮರಳಿ ಬಂದಾಗ ನೆಲ ನಡುಗುತ್ತದೆ.

ತಾಸೆಯ ಬಗ್ಗೆ ನನಗೆ ನಿಜಕ್ಕೂ ಸಂತೋಷವಾಯಿತು. ಕೇರಳ ಮೂಲದ, ಬೆಂಗಳೂರಿನಲ್ಲಿ ನೆಲೆಸಿದ ರ‍್ಯಾಪರ್ ಹನುಮಾನ್‌ಕೈಂಡ್ 2025ರ ಮಾರ್ಚಿನಲ್ಲಿ ‘ರನ್ ಇಟ್ ಅಪ್’ ಹಾಡಿಗೆ ಚೆಂಡೆಯ ಮೇಳವನ್ನೇ ಬೆನ್ನೆಲುಬಾಗಿಸಿಕೊಂಡಾಗ, ನಮ್ಮ ಕಡೆಯ ವಾದ್ಯಗಳಿಗೂ ಇಂಥ ಬಲವಿದೆಯೆಂದು ಅನೇಕರಿಗೆ ಅನಿಸಿರಬೇಕು. ತಾಸೆಗೆ ಇನ್ನೊಂದು ಅನುಕೂಲವಿದೆ. ಸಣ್ಣ ಕೋಲುಗಳ ಆ ಚಟಚಟ ಸದ್ದು ಮೇಲಿನ ಕಂಪನಗಳಲ್ಲಿ ಇರುವುದರಿಂದ ಅಗ್ಗದ ಫೋನಿನ ಸ್ಪೀಕರಿನಲ್ಲಿಯೂ ಉಳಿದುಕೊಳ್ಳುತ್ತದೆ. ನಿಮ್ಮ 808 ಬೇಸ್ ಹಾಗಲ್ಲ. ಅದು 40ರಿಂದ 60 ಹರ್ಟ್ಜ್ ನಡುವೆ ಇದೆ, ಫೋನಿನಲ್ಲಿ ಕೇಳುವುದೇ ಇಲ್ಲ. ಹಾಡು ಫೋನಿನಲ್ಲಿ ತೆಳ್ಳಗೆ ಕೇಳುತ್ತದೆಯೆಂದು ನೀವು ಪತ್ರದಲ್ಲಿ ಬೇಸರಪಟ್ಟುಕೊಂಡದ್ದಕ್ಕೆ ಕಾರಣ ಅದೇ. ಬೇಸಿನ ಶಬ್ದವನ್ನು ಏರಿಸುವುದರಿಂದ ಉಪಯೋಗವಿಲ್ಲ, ದನಿಯನ್ನು ಮೆಲ್ಲಗೆ ಒಡೆಸುವ ಸ್ಯಾಚುರೇಷನ್ ಎಫೆಕ್ಟನ್ನು ಸ್ವಲ್ಪ ಹಾಕಿದರೆ ಅದರ ಮೇಲಿನ ಹಾರ್ಮೋನಿಕ್‌ಗಳು ಎದ್ದು ಕಿವಿಗೆ ಬೇಸಿನ ಸುಳಿವು ಸಿಗುತ್ತದೆ. ಮಿಕ್ಸನ್ನು ಮೋನೋದಲ್ಲಿಯೂ (ಎಡ ಬಲ ಸೇರಿಸಿ ಒಂದೇ ದನಿಯಾಗಿ) ಒಮ್ಮೆ ಕೇಳಿ, ಏಕೆಂದರೆ ಸಭಾಂಗಣಗಳ ಸೌಂಡ್ ಸಿಸ್ಟಮ್ ಬಹುಪಾಲು ಮೋನೋದಲ್ಲಿಯೇ ನಡೆಯುತ್ತದೆ. ನಿಮ್ಮ ತಾಸೆಯ ಎರಡು ಪದರಗಳು ಎಡ ಬಲಕ್ಕೆ ಹಂಚಿಹೋಗಿದ್ದು, ಮೋನೋ ಮಾಡಿದಾಗ ಒಂದನ್ನೊಂದು ನುಂಗುತ್ತಿವೆ.

ಇನ್ನೊಂದು ಮಾತು. ತಾಸೆಯವರು ಬಾರಿಸುತ್ತ ಬಾರಿಸುತ್ತ ವೇಗ ಏರಿಸುವುದು ಹುಲಿ ಕುಣಿತದ ಜೀವಾಳ. ನೀವು ಅದನ್ನು ಕಂಪ್ಯೂಟರಿನಲ್ಲಿ ಕತ್ತರಿಸಿ 140ರ ಗೆರೆಗೆ ಎಳೆದು ಕೂರಿಸಿದ್ದೀರಿ, ಪ್ರತಿ ಪೆಟ್ಟೂ ಗೆರೆಗೆ ಸರಿಯಾಗಿದೆ, ಆದರೆ ಹುಲಿ ಸತ್ತಿದೆ. ಸಾಧ್ಯವಾದರೆ ಅದೇ ತಂಡವನ್ನು ಮತ್ತೆ ಕರೆಸಿ, ಒಬ್ಬರ ಕಿವಿಗೆ ಮಾತ್ರ ವೇಗ ತೋರಿಸುವ ಕ್ಲಿಕ್ ಸದ್ದು ಕೊಟ್ಟು, ಉಳಿದವರು ಅವರನ್ನು ನೋಡಿಕೊಂಡು ಬಾರಿಸುವಂತೆ ಮಾಡಿ. ಮೈಕನ್ನು ತಾಸೆಗೆ ತೀರ ಹತ್ತಿರ ಇಡಬೇಡಿ, ಒಂದೆರಡು ಮೀಟರ್ ದೂರವಿರಲಿ. ಕೊನೆಯ 16 ಆವರ್ತಗಳಲ್ಲಿ ಬೀಟನ್ನೇ ಅವರೊಂದಿಗೆ 140ರಿಂದ 148ರವರೆಗೆ ಮೆಲ್ಲನೆ ಏರಿಸಿದರೆ, ಹುಲಿಕುಣಿತ ಬಲ್ಲ ಊರಿನವರು ಅದನ್ನು ತಕ್ಷಣ ಗುರುತಿಸುತ್ತಾರೆ.

ಪಾಡ್ದನದ ವಿಚಾರದಲ್ಲಿ ಮಾತ್ರ ನನ್ನ ಮಾತು ಖಡಾಖಂಡಿತ: ಅದನ್ನು ತೆಗೆದುಹಾಕಿ. ಕೋಲದ ಗದ್ದೆಯಲ್ಲಿ ಹಾಡಿದ ಸಾಲುಗಳು ದೈವದ ಸನ್ನಿಧಿಗೆ ಸೇರಿದವು. ಅವುಗಳನ್ನು ಹಾಡಿದವರು ನಿಮ್ಮ ಮೊಬೈಲಿಗಾಗಿ ಹಾಡಿದ್ದಲ್ಲ. 2022ರಲ್ಲಿ ‘ಕಾಂತಾರ’ ದೇಶದ ತುಂಬ ಗೆದ್ದ ಮೇಲೆ ವೇದಿಕೆಗಳಲ್ಲಿ, ರೀಲ್ಸುಗಳಲ್ಲಿ ದೈವದ ಅನುಕರಣೆ ಹೆಚ್ಚಿ, ದೈವಾರಾಧಕರು ಮತ್ತೆ ಮತ್ತೆ ಆಕ್ಷೇಪವೆತ್ತಬೇಕಾಯಿತು. ಆ ನೋವು ನಿಜವಾದದ್ದು, ಅದನ್ನು ಪ್ರಚಾರದ ಲೆಕ್ಕದಲ್ಲಿ ಅಳೆಯಬಾರದು. ಬಿಯರ್ ಬಾಟಲಿಗಳ ನಡುವೆ, ಡಿಜೆ ದೀಪಗಳ ಕೆಳಗೆ ಆ ಸಾಲು ಮೊಳಗುವುದನ್ನು ನಿಮ್ಮ ಮನೆಯ ಹಿರಿಯರು ಕೇಳಿದರೆ ಅವರಿಗೇನೆನಿಸೀತು ಎಂದು ಯೋಚಿಸಿ. ಹೆಣ್ಣುದನಿಯೊಂದು ಆರಂಭದಲ್ಲಿ ಬೇಕೇ ಬೇಕೆಂದಿದ್ದರೆ ನೇಜಿ (ಭತ್ತದ ಸಸಿ) ನೆಡುವಾಗ ಹಾಡುವ ಓಬೇಲೆಯಂಥ ಕೆಲಸದ ಹಾಡುಗಳಿವೆ. ಬಲ್ಲವರೊಬ್ಬರನ್ನು ಕೇಳಿ, ಯಾತಕ್ಕಾಗಿ ಎಂದು ತಿಳಿಸಿ, ಒಪ್ಪಿದರೆ ಸಂಭಾವನೆ ಕೊಟ್ಟು ಹೊಸದಾಗಿ ಹಾಡಿಸಿಕೊಳ್ಳಿ.

ತಾಸೆಯವರ ವಿಷಯದಲ್ಲಿಯೂ ಇದೇ ಕ್ರಮ ಬೇಕು. ಹಕ್ಕುಸ್ವಾಮ್ಯ ಕಾಯಿದೆಯ ಪ್ರಕಾರ ಪ್ರದರ್ಶಕರಿಗೆ ತಮ್ಮ ಪ್ರದರ್ಶನದ ಮೇಲೆ 50 ವರ್ಷಗಳ ಹಕ್ಕಿದೆ. ಒಂದು ಪುಟದ ಒಪ್ಪಂದ ಬರೆದು, ಕೊಟ್ಟ ಹಣ ಮತ್ತು ಹಾಡಿನ ಬಳಕೆಯನ್ನು ಅದರಲ್ಲಿ ನಮೂದಿಸಿ ಸಹಿ ಮಾಡಿಸಿಕೊಳ್ಳಿ. ಬಾರಿಸಿದ ಪ್ರತಿಯೊಬ್ಬರ ಹೆಸರೂ ಹಾಡಿನ ವಿವರದಲ್ಲಿ ಬರಲಿ. ಸಾಹಿತ್ಯ ಮತ್ತು ಸಂಗೀತ ನಿಮ್ಮವೇ ಆಗಿರುವುದರಿಂದ, ರಾಯಧನ ಸಂಗ್ರಹಿಸಿ ಹಂಚುವ ಐಪಿಆರ್‌ಎಸ್ ಸಂಸ್ಥೆಯ ಸದಸ್ಯರಾಗಿ ಹಾಡನ್ನು ನೋಂದಾಯಿಸಿಕೊಳ್ಳಿ. 2012ರ ತಿದ್ದುಪಡಿ ಬರಹಗಾರರಿಗೂ ಸಂಗೀತ ರಚಿಸಿದವರಿಗೂ ರಾಯಧನದ ಹಕ್ಕನ್ನು ಭದ್ರಪಡಿಸಿದೆ, ಅದನ್ನು ಬಳಸಿಕೊಳ್ಳದೆ ಬಿಡುವ ಹುಡುಗರೇ ನಮ್ಮಲ್ಲಿ ಹೆಚ್ಚು.

ಬಿಡುಗಡೆಯ ದಿನದ ಬಗ್ಗೆ: ವಿಟ್ಲಪಿಂಡಿಯ ದಿನ ಬೇಡ. ಆ ದಿನ ಉಡುಪಿಯ ರಥಬೀದಿಯಲ್ಲಿ ನಿಜವಾದ ತಾಸೆ, ನಿಜವಾದ ಹುಲಿಗಳು, ಮೊಸರುಕುಡಿಕೆಯ ಗದ್ದಲ ಇರುವಾಗ ಫೋನಿನಲ್ಲಿರುವ ತಾಸೆಯನ್ನು ಕೇಳುವವರು ಯಾರು? ಹಬ್ಬಕ್ಕೆ ಮೂರು ನಾಲ್ಕು ವಾರ ಮೊದಲು, ವೇಷದ ತಂಡಗಳು ತಯಾರಿಗೆ ತೊಡಗುವ ಹೊತ್ತಿನಲ್ಲಿ ಹಾಡು ಹೊರಬರಬೇಕು. ಅದಕ್ಕೂ ಮುಂಚೆ ಪಲ್ಲವಿಯ 15 ಸೆಕೆಂಡಿನ ತುಣುಕನ್ನು ಕುಣಿಯಬಲ್ಲವರ ಕೈಗೆ ಕೊಡಿ. ಭಾರತದಲ್ಲಿ 2020ರ ಜೂನ್‌ನಿಂದ ಟಿಕ್‌ಟಾಕ್ ಇಲ್ಲ; ನಮ್ಮಲ್ಲಿ ಈ ಕೆಲಸ ನಡೆಯುವುದು ಇನ್‌ಸ್ಟಾಗ್ರಾಂ ರೀಲ್ಸಿನಲ್ಲಿ ಮತ್ತು ಯೂಟ್ಯೂಬ್ ಶಾರ್ಟ್ಸಿನಲ್ಲಿ. ಹೆಜ್ಜೆಯನ್ನು ನೀವೇ ಹೇಳಿಕೊಡಬೇಡಿ. ಊರಿನ ಹುಲಿವೇಷದ ಹುಡುಗರಿಗೆ, ಕಾಲೇಜಿನ ನೃತ್ಯತಂಡಗಳಿಗೆ ತುಣುಕನ್ನು ಕಳುಹಿಸಿ, ಅವರು ಏನು ಮಾಡುತ್ತಾರೋ ನೋಡಿ, ಅವುಗಳಲ್ಲಿ ಗೆದ್ದ ಹೆಜ್ಜೆಯನ್ನು ನಿಮ್ಮ ವಿಡಿಯೋದಲ್ಲಿ ಅವರನ್ನೇ ಕರೆಸಿ ಮಾಡಿಸಿ.

ತಾಂತ್ರಿಕ ಸಿದ್ಧತೆಯನ್ನು ಚುಟುಕಾಗಿ ಹೇಳುತ್ತೇನೆ. ಲೋಕದ ತುಂಬ ಹೊಸ ಹಾಡುಗಳ ದಿನ 2015ರ ಜುಲೈಯಿಂದ ಶುಕ್ರವಾರ, ನೀವೂ ಅದನ್ನೇ ಹಿಡಿಯಿರಿ. ವಿತರಕರಿಗೆ ಹಾಡನ್ನು ಮೂರು ವಾರ ಮುಂಚೆ ಕೊಡಿ; ಸ್ಪಾಟಿಫೈಯ ಸಂಪಾದಕರಿಗೆ ಪರಿಚಯ ಬರೆದು ಕಳುಹಿಸುವುದು ಬಿಡುಗಡೆಗೆ ಕನಿಷ್ಠ ಏಳು ದಿನ ಮೊದಲು ಆಗಬೇಕು. ಅಲ್ಲಿ 30 ಸೆಕೆಂಡು ಕೇಳಿದರೆ ಮಾತ್ರ ಒಂದು ಎಣಿಕೆ, ಒಂದು ವರ್ಷದಲ್ಲಿ 1,000 ಎಣಿಕೆ ಮುಟ್ಟದ ಹಾಡಿಗೆ 2024ರಿಂದ ಹಣವೂ ಇಲ್ಲ. ನಿಮ್ಮ ದನಿ ಈಗ ಒಳಗೆ ಬರುವುದು 38ನೇ ಸೆಕೆಂಡಿನಲ್ಲಿ. ಪಾಡ್ದನ ತೆಗೆದರೆ ಅದು ತಾನಾಗಿ ಮುಂದಕ್ಕೆ ಬರುತ್ತದೆ, ಇನ್ನೂ ಕತ್ತರಿಸಿ ಹತ್ತು ಸೆಕೆಂಡಿನೊಳಗೆ ತನ್ನಿ. ಆದರೆ ಡಿಜೆಗಳಿಗೆ ಬೇಕಾದದ್ದು ಬೇರೆಯೇ. ಒಂದು ಹಾಡಿನಿಂದ ಇನ್ನೊಂದಕ್ಕೆ ದಾಟಲು ಅವರಿಗೆ ಮೊದಲಲ್ಲಿಯೂ ಕೊನೆಯಲ್ಲಿಯೂ ಮಾತಿಲ್ಲದ 16 ಆವರ್ತಗಳು ಬೇಕು, ವೇಗ ಸ್ಥಿರವಾಗಿರಬೇಕು. ಆದ್ದರಿಂದ ವೇಗ ಏರದ, ಉದ್ದನೆಯ ಪ್ರತಿಯೊಂದನ್ನು ಪ್ರತ್ಯೇಕವಾಗಿ ಮಾಡಿ ಮಂಗಳೂರು, ಉಡುಪಿಯ ಡಿಜೆಗಳಿಗೆ ನೇರವಾಗಿ ಕೊಡಿ. ಇದು ಎಷ್ಟೋ ಹೊಸಬರಿಗೆ ಹೊಳೆಯುವುದಿಲ್ಲ. ಕುಣಿತದ ಹಾಡನ್ನು ಊರಿಗೆ ಮುಟ್ಟಿಸುವವರು ಅವರೇ.

ಇನ್ನು ಸ್ವೀಕಾರದ ಪ್ರಶ್ನೆ, ನಿಮ್ಮನ್ನು ಹೆಚ್ಚು ಕಾಡುತ್ತಿರುವುದೂ ಅದೇ ಎಂದು ಪತ್ರ ಓದಿದಾಗ ಅನಿಸಿತು. ಮೊದಲ ವಾರದ ಕಮೆಂಟುಗಳನ್ನು ತೀರ್ಪೆಂದು ತಿಳಿಯಬೇಡಿ. ಆ ಕಮೆಂಟುಗಳನ್ನು ಬರೆಯುವವರು ನಿಮ್ಮ ಹಳೆಯ ಕೇಳುಗರು, ಮಾತಿಗಾಗಿ ಬಂದವರು, ಬರೆಯುವ ಅಭ್ಯಾಸವಿರುವವರು. ಕುಣಿಯುವವರು ಕಮೆಂಟು ಬರೆಯುವುದಿಲ್ಲ. ಹೀಗಾಗಿ ಒಂದೇ ಹಾಡು ತೆರೆಯ ಮೇಲೆ ಬೈಗುಳ ತಿನ್ನುತ್ತ ಸಭಾಂಗಣದಲ್ಲಿ ಗೆಲ್ಲುತ್ತಿರಬಹುದು. ನಿಮ್ಮ ಹಳೆಯ ಕೇಳುಗರ ಬೇಸರವನ್ನು ಗೌರವದಿಂದ ಓದಿ, ಒಂದೆರಡು ಕಡೆ ಉತ್ತರಿಸಿ, ವಾದಕ್ಕೆ ಇಳಿಯಬೇಡಿ.

ನೋಡಬೇಕಾದ ಗುರುತುಗಳು ಬೇರೆ ಇವೆ. ನಿಮ್ಮ ಪರಿಚಯವಿಲ್ಲದವರು ನಿಮ್ಮ ಹಾಡಿನ ದನಿಯಿಟ್ಟು ಎಷ್ಟು ರೀಲ್ಸ್ ಮಾಡಿದ್ದಾರೆ ಎಂಬುದು ಮೊದಲನೆಯದು. ಕೇಳಿದವರಲ್ಲಿ ಎಷ್ಟು ಮಂದಿ ಹಾಡನ್ನು ತಮ್ಮ ಪಟ್ಟಿಗೆ ಸೇರಿಸಿಕೊಂಡರು, ಮರಳಿ ಬಂದು ಕೇಳಿದರು ಎಂಬುದನ್ನು ಸ್ಪಾಟಿಫೈ ಕಲಾವಿದರಿಗೆ ಕೊಡುವ ಅಂಕಿಗಳಲ್ಲಿ ನೋಡಬಹುದು. ನನಗೆ ಎಲ್ಲಕ್ಕಿಂತ ಹೆಚ್ಚು ನಂಬಿಕೆ, ಕೇಳಿದ ಹಾಡು ಯಾವುದೆಂದು ಹೇಳುವ ಶಜಾಮ್ ಆ್ಯಪಿನ ಹುಡುಕಾಟಗಳ ಮೇಲೆ. ಎಲ್ಲೋ ಹಾಡು ಕೇಳಿ, ‘ಇದು ಯಾವುದು’ ಎಂದು ಫೋನ್ ಎತ್ತಿದವನಿಗೆ ನೀವು ಯಾರೆಂದೇ ಗೊತ್ತಿರುವುದಿಲ್ಲ. ಅವನ ಕುತೂಹಲದಲ್ಲಿ ಗೆಳೆತನದ ಹಂಗಿಲ್ಲ.

ಇದಕ್ಕೆಲ್ಲ ಎಷ್ಟು ಕಾಲ ಕೊಡಬೇಕೆಂಬುದನ್ನು ಊರಿನ ಕ್ಯಾಲೆಂಡರ್ ನಿರ್ಧರಿಸುತ್ತದೆ. ಆಟಿ ತಿಂಗಳಿನಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ತುಳುವರ ಮನೆಗಳಲ್ಲಿ ಮದುವೆಯಿಲ್ಲ. ನೀವು ಹಾಡು ಬಿಡುವ ಹೊತ್ತಿಗೆ ಕುಣಿಯುವ ಸಂದರ್ಭಗಳೇ ಕಡಿಮೆಯಿರುತ್ತವೆ, ಆಗ ಅಂಕಿ ಏರದಿದ್ದರೆ ಕಂಗೆಡಬಾರದು. ವಿಟ್ಲಪಿಂಡಿ ಕಳೆದು, ಕುದ್ರೋಳಿ ಗೋಕರ್ಣನಾಥನ ಸನ್ನಿಧಿಯ ಮಂಗಳೂರು ದಸರಾ ಮೆರವಣಿಗೆ ಮುಗಿದು, ನವೆಂಬರಿನಿಂದ ಮದುವೆಗಳು ಆರಂಭವಾದಾಗ ಮೆಹಂದಿಯ ರಾತ್ರಿಗಳು, ಕೊಂಕಣಿ ಕ್ರೈಸ್ತರ ಮದುವೆಯ ಮುಂಚಿನ ರೋಸ್ ಶಾಸ್ತ್ರ, ಕಾಲೇಜು ದಿನಾಚರಣೆಗಳು ಒಂದರ ಹಿಂದೊಂದು ಬರುತ್ತವೆ. ಧ್ವನಿವರ್ಧಕ ರಾತ್ರಿ 10ಕ್ಕೆ ನಿಲ್ಲಬೇಕೆಂಬ ನಿಯಮವಿರುವುದರಿಂದ ಮೆಹಂದಿಯ ಡಿಜೆ ತನ್ನ ಅತ್ಯಂತ ನಂಬಿಕೆಯ ಹಾಡುಗಳನ್ನು ಒಂಬತ್ತೂವರೆಯಿಂದ ಹತ್ತರ ನಡುವಿನ ಅರ್ಧ ಗಂಟೆಗೆ ಎತ್ತಿಟ್ಟುಕೊಂಡಿರುತ್ತಾನೆ. ನಿಮ್ಮ ಹಾಡು ಆ ಅರ್ಧ ಗಂಟೆಯೊಳಗೆ ಬಂತೆಂದರೆ ಅದು ಗೆದ್ದಿತೆಂದು ತಿಳಿಯಿರಿ. ಅಲ್ಲಿ ಕುಣಿಯುವವರಲ್ಲಿ ಅರುವತ್ತರ ಚಿಕ್ಕಮ್ಮಂದಿರೂ ಆರು ವರ್ಷದ ಮಕ್ಕಳೂ ಇರುತ್ತಾರೆ, ಹೆಸರು ನೋಡಿ ಕುಣಿಯುವವರು ಅವರಲ್ಲಿ ಯಾರೂ ಇಲ್ಲ. ಬಿಡುಗಡೆ ಜುಲೈ ಕೊನೆಗೋ ಆಗಸ್ಟಿಗೋ ಆದರೆ, ಡಿಸೆಂಬರ್ ಕೊನೆಯವರೆಗೂ ಈ ಹಾಡಿನ ಬಗ್ಗೆ ನೀವು ಯಾವ ತೀರ್ಮಾನಕ್ಕೂ ಬರಬೇಡಿ. ಬಂದರಿನ ಸರಣಿಯ ಮುಂದಿನ ಹಾಡನ್ನು ಅಷ್ಟರಲ್ಲಿ ಬರೆಯುತ್ತಿರಿ.

ಮಾತು ಹೆಚ್ಚಿರುವ ಎರಡನೆಯ ಆವೃತ್ತಿಯನ್ನು ಖಂಡಿತ ಬಿಡಬಹುದು, ಆದರೆ ಜೊತೆಗೇ ಬೇಡ. ಎರಡೂ ಒಂದೇ ದಿನ ಬಂದರೆ ನಿಮ್ಮ ಹಳೆಯ ಕೇಳುಗರು ಮಾತಿನದನ್ನು ಹಿಡಿದುಕೊಳ್ಳುತ್ತಾರೆ, ಎಣಿಕೆ ಎರಡು ಪಾಲಾಗುತ್ತದೆ, ಕುಣಿತದ ಹಾಡಿನ ಬಗ್ಗೆ ನೀವೇ ಅಳುಕಿ ಕ್ಷಮೆ ಕೇಳುತ್ತಿದ್ದೀರೆಂಬ ಭಾವನೆಯೂ ಹುಟ್ಟುತ್ತದೆ. ದಸರಾ ಕಳೆದ ಮೇಲೆ, ಅದೇ ತಾಸೆಯ ದಾಖಲೆಯನ್ನು ಇಟ್ಟುಕೊಂಡು, ವೇಗವನ್ನು 140ರಿಂದ ಅದರ ಅರ್ಧಕ್ಕೆ, ಅಂದರೆ 70ಕ್ಕೆ ಎಣಿಸಿಕೊಂಡು ಹಾಡಿ. ಆಗ ಒಂದೊಂದು ಆವರ್ತವೂ ಮೂರೂವರೆ ಸೆಕೆಂಡಿನಷ್ಟು ಅಗಲವಾಗಿ, ಪಲ್ಲವಿಯಿಂದ ಈಗ ತೆಗೆಯುತ್ತಿರುವ ಸಾಲುಗಳಿಗೂ ಹೊಸ ಸಾಲುಗಳಿಗೂ ಬೇಕಾದಷ್ಟು ಜಾಗ ಸಿಗುತ್ತದೆ.